ಹಳ್ಳಿಯ ಮನೆಗೆ ಪರವಾನಗಿ: ಕಾಗದ ನೋಡುವವರುಂಟು, ಕಟ್ಟಡ ನೋಡುವವರಿಲ್ಲ

ಕೃಷ್ಣರಾಜನಗರ ಸೀಮೆಯ ಮಿರ್ಲೆಯ ಸುತ್ತಮುತ್ತ ಅಡ್ಡಾಡಿದವರಿಗೆ ಒಂದು ಬದಲಾವಣೆ ಕಣ್ಣಿಗೆ ಬೀಳದೆ ಇರದು. ನಾಲೆಯ ನೀರು ಕುಡಿಯುವ ಭತ್ತದ ಗದ್ದೆಗಳು ಹೆಚ್ಚುಕಡಿಮೆ ಹಿಂದಿನಂತೆಯೇ ಇವೆ. ಊರುಗಳು ಮಾತ್ರ ಹಿಂದಿನಂತಿಲ್ಲ. ಮಣ್ಣಿನ ಗೋಡೆಯ, ಹೆಂಚು ಹೊದಿಸಿದ ಮನೆಗಳು ಒಂದೊಂದಾಗಿ ಮರೆಯಾಗಿ, ಆ ಜಾಗದಲ್ಲಿ ಕಾಂಕ್ರೀಟ್ ಚಾವಣಿಯ ಮನೆಗಳು ಎದ್ದಿವೆ. ರಸ್ತೆಗೆ ತಾಗಿದ ಕಡೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ವಾಸ ಎಂಬಂಥ ಎರಡು, ಮೂರು ಅಂತಸ್ತಿನ ಕಟ್ಟಡಗಳೂ ಬಂದಿವೆ. ಎಷ್ಟೋ ಮನೆಗಳ ನೆತ್ತಿಯ ಮೇಲೆ ಕಂಬದ ಕಬ್ಬಿಣದ ಸರಳುಗಳು ಹಾಗೆಯೇ ಚಾಚಿಕೊಂಡಿವೆ. ಮಗನಿಗೆ ಮದುವೆಯಾದರೆ ಮೇಲೊಂದು ಮಹಡಿ ಎತ್ತಬೇಕೆಂಬ ಆಸೆಯ ಗುರುತು ಅದು. ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಕೆಳಗಿನ ತಳಪಾಯ ಆ ಮಹಡಿಯ ಭಾರ ಹೊರಬಲ್ಲುದೇ ಎಂದು ಯಾರಾದರೂ ನೋಡಿದ್ದಾರೆಯೇ?

ಈ ಪ್ರಶ್ನೆಗೆ ಮಿರ್ಲೆಯಲ್ಲಷ್ಟೇ ಅಲ್ಲ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿ, ಹಾಗೆ ನೋಡಿದರೆ ರಾಜ್ಯದ ಸುಮಾರು 6,000 ಗ್ರಾಮ ಪಂಚಾಯಿತಿಗಳ ಪೈಕಿ ಹೆಚ್ಚಿನವುಗಳಲ್ಲಿ ಸಿಗುವ ಉತ್ತರ ಒಂದೇ: ಯಾರೂ ನೋಡಿಲ್ಲ. ಕಂದಾಯ ಮತ್ತು ಗ್ರಾಮೀಣಾಭಿವೃದ್ಧಿಯ ಕಡತಗಳ ನಡುವೆ ಮೂರು ದಶಕ ಕಳೆದ ನನಗೆ ಈ ವಿಷಯದಲ್ಲಿ ಒಂದು ಮಾತು ಸ್ಪಷ್ಟವಾಗಿದೆ. ನಮ್ಮ ಹಳ್ಳಿಗಳಲ್ಲಿ ಕಟ್ಟಡ ಪರವಾನಗಿ ಎಂಬುದು ನಿವೇಶನ ಯಾರದು ಎಂದು ಕೇಳುವ ಪತ್ರವಾಗಿ ಉಳಿದಿದೆ. ಕಟ್ಟಡ ಹೇಗಿದೆ ಎಂದು ಕೇಳುವ ವ್ಯವಸ್ಥೆಯಾಗಿ ಬೆಳೆದೇ ಇಲ್ಲ.

ಕಾನೂನಿನಲ್ಲಿ ಇರುವುದೇನು?

ಹಳ್ಳಿಯಲ್ಲಿ ಮನೆ ಕಟ್ಟಲು ಯಾರ ಅಪ್ಪಣೆಯೂ ಬೇಡ ಎಂಬ ಭಾವನೆ ಇಂದಿಗೂ ವ್ಯಾಪಕವಾಗಿದೆ. ಇದು ಸರಿಯಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದ ಪ್ರಕಾರ, ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿಯಿಲ್ಲದೆ ಯಾರೂ ಹೊಸ ಕಟ್ಟಡ ಕಟ್ಟುವಂತಿಲ್ಲ; ಇರುವ ಕಟ್ಟಡವನ್ನು ವಿಸ್ತರಿಸುವಂತೆಯೂ, ಕೆಡವಿ ಮತ್ತೆ ಕಟ್ಟುವಂತೆಯೂ ಇಲ್ಲ. ಅನುಮತಿಯಿಲ್ಲದೆ ಕಟ್ಟಿದರೆ ಕೆಲಸ ನಿಲ್ಲಿಸಲು, ಬದಲಾಯಿಸಲು ಅಥವಾ ಕೆಡವಲು ಸೂಚಿಸುವ ಅಧಿಕಾರ ಪಂಚಾಯಿತಿಗಿದೆ.

ಅದೇ ಪ್ರಕರಣದಲ್ಲಿ ನಾಗರಿಕನ ಪರವಾದ ಇನ್ನೊಂದು ಮಾತೂ ಇದೆ. ಅರ್ಜಿ ಸ್ವೀಕರಿಸಿದ 60 ದಿನಗಳೊಳಗೆ ಪಂಚಾಯಿತಿ ತನ್ನ ನಿರ್ಧಾರವನ್ನು ತಿಳಿಸದೆ ಹೋದರೆ ಅನುಮತಿ ದೊರೆತಿದೆ ಎಂದೇ ಭಾವಿಸಿ, ನಿಯಮಗಳಿಗೆ ಭಂಗ ಬಾರದಂತೆ ಕೆಲಸ ಆರಂಭಿಸಬಹುದು. ನನ್ನ ಸೇವಾವಧಿಯಲ್ಲಿ ಈ ಹಕ್ಕನ್ನು ಮುಂದಿಟ್ಟು ಮನೆ ಕಟ್ಟಲು ಹೊರಟ ರೈತರನ್ನು ನಾನು ಕಂಡದ್ದು ಬಲು ಅಪರೂಪ. ಹಕ್ಕು ಇದೆಯೆಂದು ಅವರಿಗೆ ಹೇಳಿದವರೇ ಇರಲಿಲ್ಲ. ಅರ್ಜಿ ಕೊಟ್ಟಾಗ ಸ್ವೀಕೃತಿ ಪತ್ರ ಕೇಳಿ ಪಡೆಯುವ ಅಭ್ಯಾಸವೂ ಇರಲಿಲ್ಲ. ಸ್ವೀಕೃತಿಯಿಲ್ಲದೆ 60 ದಿನಗಳ ಲೆಕ್ಕ ಎಲ್ಲಿಂದ ಆರಂಭವಾಗಬೇಕು?

ಇದರ ಬೇರು ಸಂವಿಧಾನದವರೆಗೂ ಹೋಗುತ್ತದೆ. 73ನೇ ತಿದ್ದುಪಡಿಯೊಂದಿಗೆ ಬಂದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅವುಗಳಲ್ಲಿ ಗ್ರಾಮೀಣ ವಸತಿ ಎಂಬುದು ಇದೆ. 74ನೇ ತಿದ್ದುಪಡಿಯ ಹನ್ನೆರಡನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ 18 ವಿಷಯಗಳಿವೆ. ಅದರ ಎರಡನೇ ಬಾಬು, ಭೂಬಳಕೆ ಹಾಗೂ ಕಟ್ಟಡ ನಿರ್ಮಾಣದ ನಿಯಂತ್ರಣ. ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ನಮ್ಮ ಆಡಳಿತದ ಮನೋಭಾವ ತಿಳಿಯುತ್ತದೆ. ಪಟ್ಟಣದಲ್ಲಿ ಕಟ್ಟಡವನ್ನು ನಿಯಂತ್ರಿಸಬೇಕು; ಹಳ್ಳಿಯಲ್ಲಿ ಬಡವನಿಗೆ ಮನೆ ಕೊಡಬೇಕು. ಹಳ್ಳಿಗನೂ ತನ್ನ ದುಡ್ಡಿನಲ್ಲಿ ಮೂರು ಅಂತಸ್ತು ಕಟ್ಟಿಯಾನು ಎಂಬ ಕಲ್ಪನೆ ಆ ದಿನಗಳಲ್ಲಿ ಹೆಚ್ಚಾಗಿ ಇದ್ದಂತಿಲ್ಲ. ರಾಜ್ಯದ ಕಾಯ್ದೆಯಲ್ಲಿ 64ನೇ ಪ್ರಕರಣ ಬಂತು, ನಿಜ. ಆದರೆ ಅದನ್ನು ನಡೆಸಬಲ್ಲ ಕೈಗಳು ಪಂಚಾಯಿತಿಗೆ ಬರಲಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಎಂಜಿನಿಯರ್ ಅಲ್ಲ. ಎಂಜಿನಿಯರ್ ತಾಲ್ಲೂಕು ಕೇಂದ್ರದಲ್ಲಿ ಕೂರುತ್ತಾರೆ. ಅವರ ಮೇಜಿನ ಮೇಲೆ ರಸ್ತೆ, ಚರಂಡಿ, ಶಾಲಾ ಕೊಠಡಿಗಳ ಬಿಲ್ಲುಗಳೇ ರಾಶಿ ಬಿದ್ದಿರುತ್ತವೆ.

ನಮೂನೆಗಳ ದಾರಿ

ಹಾಗಾದರೆ ಪರವಾನಗಿಗೆ ಅರ್ಜಿ ಹಾಕಿದವನನ್ನು ಪಂಚಾಯಿತಿ ಕೇಳುವುದೇನು? ಮುಖ್ಯವಾಗಿ ಆಸ್ತಿಯ ದಾಖಲೆ. ನಮೂನೆ 9, ನಮೂನೆ 11–ಎ, ಕಂದಾಯ ಕಟ್ಟಿದ ರಸೀದಿ, ಕ್ರಯಪತ್ರ ಅಥವಾ ವಿಭಾಗಪತ್ರ, ಚಕ್ಕುಬಂದಿ. ಜೊತೆಗೊಂದು ಕಟ್ಟಡದ ನಕ್ಷೆ. ಆ ನಕ್ಷೆಯನ್ನು ಪಟ್ಟಣದ ಯಾವುದೋ ನಕ್ಷೆಗಾರ ತನ್ನ ಕಂಪ್ಯೂಟರಿನಲ್ಲಿರುವ ಹಳೆಯದೊಂದನ್ನು ತಿದ್ದಿ ಕೊಟ್ಟಿರುತ್ತಾನೆ. ಮೊದಲಿನ ಐದು ದಾಖಲೆಗಳನ್ನು ಪಂಚಾಯಿತಿಯಲ್ಲಿ ಅಕ್ಷರ ಅಕ್ಷರವಾಗಿ ನೋಡುತ್ತಾರೆ. ಆರನೆಯದನ್ನು ಕಡತಕ್ಕೆ ಸೇರಿಸುತ್ತಾರೆ.

ಇದಕ್ಕೆ ಕಾರಣವಿಲ್ಲದೆ ಇಲ್ಲ. 2013ರಲ್ಲಿ ಇ–ಸ್ವತ್ತು ವ್ಯವಸ್ಥೆ ಕಡ್ಡಾಯವಾಗುವ ಮೊದಲು ಪಂಚಾಯಿತಿಯ ಖಾತೆ ಪುಸ್ತಕಗಳಲ್ಲಿ ಏನು ಬರೆದರೂ ನಡೆಯುತ್ತಿತ್ತು. ಕೃಷಿ ಜಮೀನನ್ನು ಪರಿವರ್ತನೆಯಿಲ್ಲದೆ ತುಂಡು ಮಾಡಿ, ಪಂಚಾಯಿತಿ ಖಾತೆಯ ಬಲದ ಮೇಲೆ ನಿವೇಶನವೆಂದು ಮಾರಿದ ಪ್ರಕರಣಗಳು ನಗರಗಳ ಅಂಚಿನಲ್ಲಿ ಲೆಕ್ಕವಿಲ್ಲದಷ್ಟು. ಅದಕ್ಕೆ ಕಡಿವಾಣ ಹಾಕಲು ಕಂಪ್ಯೂಟರಿನಿಂದ ಬರುವ ನಮೂನೆ 9 ಮತ್ತು 11–ಎ ಬೇಕಾದವು. ಗ್ರಾಮಠಾಣದೊಳಗಿನ ಸ್ವತ್ತು, ಪರಿವರ್ತನೆಯಾಗಿ ನಕ್ಷೆ ಅನುಮೋದನೆ ಪಡೆದ ಬಡಾವಣೆ, ಸರ್ಕಾರ ಹಂಚಿದ ನಿವೇಶನ: ಇವುಗಳಿಗೆ ಮಾತ್ರ ಆ ನಮೂನೆ ಎಂಬ ಶಿಸ್ತು ಬಂತು. ಅದರಿಂದ ವಂಚನೆ ತಗ್ಗಿತು ಎಂಬುದನ್ನು ಒಪ್ಪಲೇಬೇಕು.

ಆದರೆ ಮಿರ್ಲೆಯಂಥ ಕಡೆ ತೊಡಕು ಬೇರೆ ಬಗೆಯದು. ಇಲ್ಲಿ ಕಟ್ಟುವವರು ಭೂ ವ್ಯಾಪಾರಿಗಳಲ್ಲ. ಅಣ್ಣತಮ್ಮಂದಿರು ಭಾಗವಾಗಿ, ಹಳೆಯ ಮನೆಯಲ್ಲಿ ಸ್ಥಳ ಸಾಲದೆ, ಊರಂಚಿನ ಸ್ವಂತ ಹೊಲದಲ್ಲಿ ಮನೆ ಕಟ್ಟಿಕೊಳ್ಳುವ ರೈತರು. ಗ್ರಾಮಠಾಣದ ಗಡಿ ಅವರ ತಾತಂದಿರ ಕಾಲದ್ದು. ಕುಟುಂಬಗಳು ಬೆಳೆದವು, ಗಡಿ ಬೆಳೆಯಲಿಲ್ಲ. ಗಡಿಯಿಂದ ಒಂದು ಮಾರು ಆಚೆ ಮನೆ ಬಂದರೆ ಭೂ ಕಂದಾಯ ಕಾಯ್ದೆಯ 95ನೇ ಪ್ರಕರಣದಡಿ ಪರಿವರ್ತನೆ ಆಗಬೇಕು. ವ್ಯವಸಾಯಗಾರ ತನ್ನ ಹಿಡುವಳಿಯ ಶೇ 10ನ್ನು ಮೀರದಂತೆ, ನಿಗದಿಯಾದ ಮಿತಿಯೊಳಗೆ, ತೋಟದ ಮನೆ ಕಟ್ಟಿಕೊಳ್ಳಲು ಅದೇ ಪ್ರಕರಣ ಅವಕಾಶ ಕೊಡುತ್ತದೆ. ಆದರೆ ಬ್ಯಾಂಕಿಗೆ ಬೇಕಾದದ್ದು ಈ ವಿನಾಯಿತಿಯಲ್ಲ, 11–ಎ ನಮೂನೆ.

ಸರ್ಕಾರಗಳು ಸುಮ್ಮನೆ ಕುಳಿತಿಲ್ಲ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡ ಹಳ್ಳಿಗರಿಗಾಗಿ 94–ಸಿ ಪ್ರಕರಣ ಬಂತು. 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಸ್ವಾಮಿತ್ವ ಯೋಜನೆ ಆರಂಭಿಸಿ, ಹಳ್ಳಿಗಳ ವಸತಿ ಪ್ರದೇಶವನ್ನು ಡ್ರೋನ್ ಮೂಲಕ ಅಳೆದು ಆಸ್ತಿ ಕಾರ್ಡ್ ಕೊಡುವ ಕೆಲಸ ಕೈಗೊಂಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮೊದಲ ಕಂತಿನ ಕಾರ್ಡುಗಳು 6 ರಾಜ್ಯಗಳ 763 ಹಳ್ಳಿಗಳಿಗೆ ತಲುಪಿದಾಗ ಕರ್ನಾಟಕದ ಪಾಲು ಎರಡೇ ಹಳ್ಳಿ. 2025ರಲ್ಲಿ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿಯಾಗಿ, ಅನುಮೋದನೆಯಿಲ್ಲದ ನಿವೇಶನ, ಕಟ್ಟಡಗಳನ್ನೂ ತೆರಿಗೆಯ ಲೆಕ್ಕಕ್ಕೆ ತಂದು 11–ಬಿ ನಮೂನೆ ಕೊಡುವ ದಾರಿ ತೆರೆಯಿತು. ಈ ಎಲ್ಲ ಕ್ರಮಗಳಿಗೂ ಸಮಾನವಾದ ಒಂದು ಲಕ್ಷಣವಿದೆ. ಎಲ್ಲವೂ ನೆಲಕ್ಕೆ ಸಂಬಂಧಿಸಿದವು. ನೆಲದ ಮೇಲೆ ನಿಂತ ಕಟ್ಟಡಕ್ಕೆ ಸಂಬಂಧಿಸಿದ್ದು ಒಂದೂ ಇಲ್ಲ. ಡ್ರೋನಿನ ಕಣ್ಣಿಗೆ ಚಾವಣಿಯ ಅಳತೆ ಕಾಣುತ್ತದೆ. ಅದರೊಳಗಿನ ಕಬ್ಬಿಣ ಕಾಣುವುದಿಲ್ಲ.

ಒಂದು ಮನೆಯ ಕಥೆ

ಆ ಸೀಮೆಯಲ್ಲಿ ನನಗೆ ಪರಿಚಯದ ನಿವೃತ್ತ ಶಾಲಾ ಶಿಕ್ಷಕರೊಬ್ಬರಿದ್ದಾರೆ. ನಿವೃತ್ತಿಯ ಹಣಕ್ಕೆ ಒಂದಷ್ಟು ಬ್ಯಾಂಕ್ ಸಾಲ ಸೇರಿಸಿ ಹಳೆಯ ಮನೆಯ ಜಾಗದಲ್ಲೇ ಹೊಸ ಮನೆ ಕಟ್ಟಲು ಹೊರಟರು. ಮನೆ ಅವರ ತಂದೆಯ ಹೆಸರಿನಲ್ಲಿತ್ತು. ಪಂಚಾಯಿತಿಯ ಪುಸ್ತಕದಲ್ಲಿ ತಾತನ ಹೆಸರಿತ್ತು. ವಂಶವೃಕ್ಷ, ಮರಣ ಪ್ರಮಾಣಪತ್ರ, ಅಕ್ಕತಂಗಿಯರ ಒಪ್ಪಿಗೆ, ಸರ್ವೆಯರ್ ಅಳತೆ, ಅಳತೆಯಲ್ಲಿ ಬಂದ ಒಂದಡಿ ವ್ಯತ್ಯಾಸಕ್ಕೆ ನೆರೆಯವರ ತಕರಾರು, ಆ ತಕರಾರಿಗೊಂದು ರಾಜಿ. ಪಂಚಾಯಿತಿಗೆ ಎಡತಾಕಿ ಎಡತಾಕಿ ಅವರಿಗೆ ಸಾಕುಸಾಕಾಯಿತು. ಕೊನೆಗೆ ನಮೂನೆ ಬಂತು, ಅದರ ಹಿಂದೆಯೇ ಪರವಾನಗಿಯೂ ಬಂತು. ‘ಸಾರ್, ಇಷ್ಟೆಲ್ಲಾ ಕೇಳಿದವರು ಮನೆ ಎಷ್ಟು ಅಂಕಣದ್ದು ಅಂತ ಕೂಡ ಕೇಳಲಿಲ್ಲ’ ಎಂದು ಅವರು ನಗುತ್ತಾ ಹೇಳಿದರು.

ಮನೆ ಎದ್ದಿತು. ಪಾಯ ತೋಡಿದಾಗ ಯಾರೂ ಬರಲಿಲ್ಲ. ಚಾವಣಿಗೆ ಕಾಂಕ್ರೀಟ್ ಹಾಕಿದ ದಿನ ಪಾಯಸದೂಟಕ್ಕೆ ಊರವರೆಲ್ಲ ಬಂದರು, ಪಂಚಾಯಿತಿಯಿಂದ ತಪಾಸಣೆಗೆ ಯಾರೂ ಬರಲಿಲ್ಲ. ನಾನು ಗೃಹಪ್ರವೇಶಕ್ಕೆ ಹೋದಾಗ ಹಿತ್ತಿಲಿನಲ್ಲಿ ಶೌಚಗುಂಡಿಯ ಮುಚ್ಚಳ ಕಂಡಿತು. ಅದರಿಂದ ಕೆಲವೇ ಹೆಜ್ಜೆಗಳ ದೂರದಲ್ಲಿ ಕುಡಿಯುವ ನೀರಿನ ಕೊಳವೆಬಾವಿ. ಗುಂಡಿಗೆ ತಳದಲ್ಲಿ ಕಾಂಕ್ರೀಟ್ ಇರಲಿಲ್ಲ. ಮೇಸ್ತ್ರಿಯನ್ನು ಕೇಳಿದರೆ, ‘ನೀರು ಇಂಗಲಿ ಅಂತ ಹಂಗೆ ಬಿಟ್ಟಿವ್ನಿ’ ಎಂದ. ಅವನು ಕಲಿತದ್ದು ಹಾಗೆ. ತಪ್ಪು ಅವನದಲ್ಲ, ಇದು ಸರಿಯಲ್ಲವೆಂದು ಅವನಿಗೆ ಹೇಳುವ ಹೊಣೆ ಯಾರ ಮೇಲೂ ಇಲ್ಲದಿರುವುದೇ ತಪ್ಪು.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಕಟ್ಟುವವನ ಕಷ್ಟವನ್ನು ಹೇಳುತ್ತದೆ. ಕಟ್ಟಿದ್ದನ್ನು ಬಲ್ಲವರು ಬಂದು ನೋಡುವ ಮಾತು ನಮ್ಮ ಗಾದೆಯಲ್ಲೂ ಇಲ್ಲ, ಆಡಳಿತದಲ್ಲೂ ಇಲ್ಲ.

ತಪಾಸಣೆ ಯಾರಿಗೆ?

ಹಳ್ಳಿಯ ಮನೆಗಳಿಗೆ ತಪಾಸಣೆಯೇ ಇಲ್ಲ ಎಂದರೆ ಪೂರ್ತಿ ನಿಜವಲ್ಲ. ಒಂದು ಬಗೆಯ ಮನೆಗೆ ಇದೆ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಸಹಾಯಧನ ಪಡೆಯುವ ಬಡವನ ಮನೆಗೆ. ತಳಪಾಯ, ಲಿಂಟಲ್, ಚಾವಣಿ, ಪೂರ್ಣ ಎಂದು ನಾಲ್ಕು ಹಂತಗಳಲ್ಲಿ ಸ್ಥಳದ ಗುರುತಿನೊಂದಿಗೆ ಫೋಟೊ ತೆಗೆದು ಕಳುಹಿಸಬೇಕು. ಅದಾದ ಮೇಲೆಯೇ ಕಂತಿನ ಹಣ. ಅಲ್ಲಿಯೂ ನೋಡುವುದು ಮನೆ ಇದೆಯೇ, ಇಲ್ಲವೇ ಎಂದು. ಗಟ್ಟಿಯಾಗಿದೆಯೇ ಎಂದಲ್ಲ. ಆದರೂ ನಾಲ್ಕು ಬಾರಿ ಒಬ್ಬರು ಬಂದು ನಿಲ್ಲುತ್ತಾರೆ. ಪಕ್ಕದಲ್ಲೇ ಸ್ವಂತ ಹಣದಿಂದ ಕಟ್ಟಿದ ಮೂರು ಅಂತಸ್ತಿನ ಕಟ್ಟಡದ ಬಳಿಗೆ ಒಮ್ಮೆಯೂ ಯಾರೂ ಹೋಗುವುದಿಲ್ಲ. ಬಿದ್ದರೆ ಹೆಚ್ಚು ಜನರ ಮೇಲೆ ಬೀಳುವುದು ಯಾವುದು ಎಂದು ಬೇರೆ ಹೇಳಬೇಕಿಲ್ಲ.

ಇನ್ನೂ ವಿಚಿತ್ರವಾದದ್ದು ಹುಣಸೂರು, ಪಿರಿಯಾಪಟ್ಟಣದ ಕಡೆ ಕಾಣುತ್ತದೆ. ಅಲ್ಲಿ ತಂಬಾಕು ಬೆಳೆಗಾರ ಎಲೆ ಹದಗೊಳಿಸುವ ಬ್ಯಾರನ್ ಕಟ್ಟಲು ತಂಬಾಕು ಮಂಡಳಿಯ ಪರವಾನಗಿ ಬೇಕು. ಮಂಡಳಿಯ ಬಳಿ ಪ್ರತಿ ಬ್ಯಾರನ್ನಿನ ಲೆಕ್ಕವಿರುತ್ತದೆ. ಎಲೆ ಒಣಗುವ ಗೂಡಿಗೆ ಇರುವ ಲೆಕ್ಕ, ಮಕ್ಕಳು ಮಲಗುವ ಮನೆಗೆ ಇಲ್ಲ! ಸರ್ಕಾರಕ್ಕೆ ಅಗತ್ಯವೆನಿಸಿದರೆ ಹಳ್ಳಿಯ ಮೂಲೆಯ ಕಟ್ಟಡವನ್ನೂ ಎಣಿಸಬಲ್ಲುದು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಕಟ್ಟುವವನು ತನ್ನ ಮನೆಯನ್ನು ತಾನೇ ಚೆನ್ನಾಗಿ ಕಟ್ಟಿಕೊಳ್ಳುವುದಿಲ್ಲವೇ, ಅದರಲ್ಲಿ ಸರ್ಕಾರಕ್ಕೇನು ಕೆಲಸ ಎಂದು ಕೇಳುವವರಿದ್ದಾರೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ಜಾರ್ಜ್ ಅಕರ್‌ಲಾಫ್ ನೆನಪಾಗುತ್ತಾರೆ. ಮಾರುವವನಿಗೆ ತಿಳಿದ ದೋಷ ಕೊಳ್ಳುವವನಿಗೆ ತಿಳಿಯದಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆ ಎಂಬುದನ್ನು ಹಳೆಯ ಕಾರುಗಳ ಉದಾಹರಣೆಯಿಂದ 1970ರಲ್ಲಿ ತೋರಿಸಿಕೊಟ್ಟ ಅವರಿಗೆ 2001ರಲ್ಲಿ ನೊಬೆಲ್ ಬಂತು. ಕಾಂಕ್ರೀಟ್ ಚಾವಣಿಯೂ ಅಂಥದೇ ಸರಕು. ಮಣ್ಣಿನ ಗೋಡೆ ಬಿರುಕು ಬಿಟ್ಟರೆ ಮನೆಯೊಡತಿಗೇ ಕಾಣುತ್ತಿತ್ತು. ತೊಲೆಗೆ ಹುಳು ಹಿಡಿದರೆ ಪುಡಿ ಉದುರುತ್ತಿತ್ತು. ಕಾಂಕ್ರೀಟಿನೊಳಗಿನ ಸರಳು ಎಷ್ಟು ದಪ್ಪ, ಎಷ್ಟು ಅಂತರ, ಅದರ ಕೆಳಗೆ ಎಷ್ಟು ಹೊದಿಕೆ ಎಂಬುದು ಹೊರಗಿನಿಂದ ಯಾರಿಗೂ ಕಾಣದು. 2000ದ ಭಾರತೀಯ ಮಾನಕ 456, ಕಬ್ಬಿಣ ಬಳಸಿದ ಕಾಂಕ್ರೀಟಿಗೆ ಕನಿಷ್ಠ ಎಂ–20 ದರ್ಜೆ ಬೇಕೆಂದು ಹೇಳಿತು. ಸಾಮಾನ್ಯ ಲೆಕ್ಕದಲ್ಲಿ ಅದು ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಹಳ್ಳಿಯ ಮೇಸ್ತ್ರಿ ಇಂದಿಗೂ ಒಂದಕ್ಕೆ ಎರಡು, ನಾಲ್ಕರ ಲೆಕ್ಕದಲ್ಲೇ ಕಲಸುವುದನ್ನು ಕಾಣಬಹುದು. ಹೊಳೆ ಮರಳು ದುರ್ಲಭವಾಗಿ ಎಂ–ಸ್ಯಾಂಡ್ ಬಂದ ಮೇಲೆ ಅದರಲ್ಲಿ ಕಲ್ಲಿನ ಪುಡಿ ಎಷ್ಟಿದೆ ಎಂಬ ಹೊಸ ಸಂದೇಹವೂ ಸೇರಿದೆ. ಮನೆ ಯಜಮಾನ ಮೇಸ್ತ್ರಿಯನ್ನು ನಂಬುತ್ತಾನೆ, ಮೇಸ್ತ್ರಿ ದೇವರನ್ನು ನಂಬುತ್ತಾನೆ.

ಪಟ್ಟಣದಲ್ಲಿ ನಿಯಮ, ಎಂಜಿನಿಯರ್ ಎಲ್ಲವೂ ಇದ್ದೂ ಏನಾಗಬಹುದೆಂಬುದನ್ನು ಧಾರವಾಡ ತೋರಿಸಿಕೊಟ್ಟಿದೆ. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ನಿರ್ಮಾಣದ ಹಂತದಲ್ಲಿದ್ದ ಕಟ್ಟಡ ಕುಸಿದು 19 ಮಂದಿ ಸತ್ತರು. ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲೇ ಹೀಗಾದ ಮೇಲೆ, ನೋಡುವ ಕಣ್ಣುಗಳೇ ಇಲ್ಲದ ಹಳ್ಳಿಗಳ ಕಲ್ಯಾಣ ಮಂಟಪ, ಖಾಸಗಿ ಶಾಲೆ, ಅಕ್ಕಿ ಗಿರಣಿಗಳ ಬಗ್ಗೆ ನಾವು ನಿಶ್ಚಿಂತರಾಗಿರುವುದು ಹೇಗೆ? ಇದುವರೆಗೆ ದೊಡ್ಡ ಅನಾಹುತ ಆಗಿಲ್ಲವೆಂಬುದು ವ್ಯವಸ್ಥೆಯ ಹೆಗ್ಗಳಿಕೆಯಲ್ಲ, ಅದೃಷ್ಟ.

ಎಲ್ಲಿ ಕಟ್ಟಬೇಕು, ಹೇಗೆ ಕಟ್ಟಬೇಕು ಎಂದು ಯೋಚಿಸುವುದು ಈ ಸೀಮೆಗೆ ಹೊಸತೂ ಅಲ್ಲ. 1924ರ ಕಾವೇರಿಯ ಮಹಾಪೂರದಿಂದ ಎಡತೊರೆ ತತ್ತರಿಸಿದ ಮೇಲೆ, ಹೊಳೆಯಿಂದ ದೂರ ಸರಿದು, ಅಗಲವಾದ ನೇರ ಬೀದಿಗಳ ಯೋಜನೆ ಹಾಕಿ ಕಟ್ಟಿದ ಊರೇ ಕೃಷ್ಣರಾಜನಗರ. ನಾಲ್ವಡಿಯವರ ಹೆಸರು ಹೊತ್ತ ಆ ಪಟ್ಟಣ, ಆಡಳಿತ ಮುಂದಾಲೋಚಿಸಿದರೆ ಏನಾಗಬಹುದೆಂಬುದಕ್ಕೆ ಸಾಕ್ಷಿ. 2019ರ ಆಗಸ್ಟಿನಲ್ಲಿ ಮತ್ತೆ ನೆರೆ ಬಂದಾಗ ಹುಣಸೂರು, ಹೆಗ್ಗಡದೇವನಕೋಟೆಗಳೂ ಸೇರಿ ರಾಜ್ಯದ ಹಲವೆಡೆ ಮನೆಗಳು ಬಿದ್ದವು. ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಬಿದ್ದ ಮೇಲೆ 5 ಲಕ್ಷ ಕೊಡುವ ಸರ್ಕಾರ, ಕಟ್ಟುವಾಗ ಎರಡು ಬಾರಿ ಒಬ್ಬ ಎಂಜಿನಿಯರನ್ನು ಕಳುಹಿಸಲಾರದೇ?

ಈಗ ವಿದ್ಯುತ್ತಿನ ಬಿಸಿ

ಇಷ್ಟು ದಿನ ಪರವಾನಗಿ ಇಲ್ಲದಿದ್ದರೂ ಹೇಗೋ ನಡೆಯುತ್ತಿತ್ತು. ಈಗ ಹಾಗಿಲ್ಲ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ನೀಡಿದ ತೀರ್ಪಿನಲ್ಲಿ, ನಿರ್ಮಾಣ ಪೂರ್ಣಗೊಂಡ ಅಥವಾ ವಾಸಯೋಗ್ಯ ಪ್ರಮಾಣಪತ್ರ ನೋಡಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ನಿರ್ದೇಶಿಸಿತು. ಅನಧಿಕೃತ ನಿರ್ಮಾಣಗಳನ್ನು ತಡೆಯುವ ಸದುದ್ದೇಶದ ತೀರ್ಪು ಅದು. 2025ರಲ್ಲಿ ಕರ್ನಾಟಕದ ವಿದ್ಯುತ್ ಕಂಪನಿಗಳು ಅದನ್ನು ಪಾಲಿಸತೊಡಗಿದಾಗ, ಕಟ್ಟಿ ಮುಗಿದ ಎಷ್ಟೋ ಮನೆಗಳು ಮೀಟರ್ ಇಲ್ಲದೆ ಕುಳಿತವು. ವಿನಾಯಿತಿಗಾಗಿ ಸರ್ಕಾರ ದಾರಿ ಹುಡುಕಬೇಕಾಯಿತು.

ಹಳ್ಳಿಯ ಮಟ್ಟಿಗೆ ಇದರ ಅರ್ಥವೇನೆಂದು ಯೋಚಿಸಬೇಕು. ಪೂರ್ಣಗೊಂಡ ಪ್ರಮಾಣಪತ್ರ ಕೊಡಬೇಕಾದರೆ ಯಾರಾದರೂ ಬಂದು ಕಟ್ಟಡವನ್ನು ನೋಡಿರಬೇಕು. ನೋಡುವವರೇ ಇಲ್ಲದ ಕಡೆ ಪ್ರಮಾಣಪತ್ರ ಎರಡೇ ರೀತಿಯಲ್ಲಿ ಬರಲು ಸಾಧ್ಯ: ನೋಡದೆ ರುಜು ಹಾಕಬೇಕು, ಇಲ್ಲವೇ ರುಜುವಿಗೊಂದು ಬೆಲೆ ಕಟ್ಟಬೇಕು. ಎರಡೂ ಅಪಾಯವೇ. ವಿನಾಯಿತಿ ಕೊಟ್ಟು ಕೈತೊಳೆದುಕೊಂಡರೆ ತಂತಿಯ ಕೆಳಗೆ ಮಹಡಿ ಎತ್ತುವವರನ್ನು ತಡೆಯುವವರಿಲ್ಲ. 11 ಸಾವಿರ ವೋಲ್ಟಿನ ತಂತಿಗೂ ಕಟ್ಟಡಕ್ಕೂ ಅಡ್ಡಲಾಗಿ ಕನಿಷ್ಠ 1.2 ಮೀಟರ್, ಮೇಲ್ಗಡೆ 3.7 ಮೀಟರ್ ಅಂತರವಿರಬೇಕೆಂಬುದು ನಿಯಮ. ಬಟ್ಟೆ ಒಣಹಾಕಲು ಮಹಡಿಗೆ ಹೋಗುವ ಹೆಣ್ಣುಮಗಳ ಜೀವ ಈ ಅಂಕಿಗಳಲ್ಲಿದೆ. ಇದನ್ನು ಅಳೆಯಲು ಒಂದು ಟೇಪು, ಐದು ನಿಮಿಷ ಸಾಕು.

ಮತ್ತೊಂದು ಪರವಾನಗಿ ರಾಜ್ಯವೇ?

ಹಳ್ಳಿಗೂ ತಪಾಸಣೆ ತಂದರೆ ಲಂಚದ ಇನ್ನೊಂದು ಬಾಗಿಲು ತೆರೆದಂತೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಪಟ್ಟಣಗಳಲ್ಲಿ ನಡೆಯುವುದನ್ನು ಕಂಡವರು ಹಾಗೆ ಹೇಳಿದರೆ ಆಶ್ಚರ್ಯವಿಲ್ಲ. ಆದರೆ ಈಗಿರುವ ಕಾಗದದ ದಾರಿಯಲ್ಲಿ ಆ ಬಾಗಿಲು ಮುಚ್ಚಿದೆಯೇ? ಒಂದೊಂದು ದಾಖಲೆಯೂ ಒಂದೊಂದು ತಡೆಗೇಟು. ಲಂಚ ಹುಟ್ಟುವುದು ತಪಾಸಣೆಯಿಂದಲ್ಲ. ಯಾವಾಗ, ಯಾರು, ಏನು ನೋಡಬೇಕು ಎಂಬುದು ಗೊತ್ತಿಲ್ಲದಿರುವುದರಿಂದ.

ಹೆಗ್ಗಡದೇವನಕೋಟೆಯ ಬಾವಲಿಯನ್ನು ದಾಟಿದರೆ ಕೇರಳದ ವಯನಾಡು. ಆ ರಾಜ್ಯ ಪಂಚಾಯಿತಿಗಳಿಗಾಗಿಯೇ 2011ರಲ್ಲಿ ಕಟ್ಟಡ ನಿಯಮಗಳನ್ನು ರೂಪಿಸಿ, 2019ರಲ್ಲಿ ಅವುಗಳನ್ನು ಹೊಸದಾಗಿ ಹೊರಡಿಸಿತು. ಅಲ್ಲಿನ ಗ್ರಾಮ ಪಂಚಾಯಿತಿಗೆ ಎಂಜಿನಿಯರಿಂಗ್ ವಿಭಾಗದ ನೆರವು ಕೈಗೆಟಕುವಷ್ಟು ಹತ್ತಿರವಿದೆ. ಅಪಾಯ ಕಡಿಮೆಯಿರುವ ಚಿಕ್ಕ ಕಟ್ಟಡಗಳಿಗೆ ಸ್ವಯಂ ದೃಢೀಕರಣದ ಮೇಲೆ ಅನುಮತಿ ಕೊಡುವ ಪದ್ಧತಿಯೂ ಮುಂದೆ ಬಂತು. ಎಲ್ಲವೂ ಅಲ್ಲಿ ಸರಿಯಿದೆಯೆಂದಲ್ಲ. 2024ರ ಜುಲೈ 30ರಂದು ಅದೇ ವಯನಾಡಿನ ಗುಡ್ಡ ಕುಸಿದು ಊರುಗಳೇ ಕೊಚ್ಚಿಹೋದಾಗ, ಎಲ್ಲಿ ಕಟ್ಟಬಾರದು ಎಂಬ ಪ್ರಶ್ನೆಯನ್ನು ಕಾಗದದ ನಿಯಮಗಳಷ್ಟೇ ಬಿಡಿಸಲಾರವು ಎಂಬುದೂ ತಿಳಿಯಿತು. ಆದರೆ ಪಂಚಾಯಿತಿಯೂ ಕಟ್ಟಡವನ್ನು ನೋಡಬೇಕು ಎಂಬ ತತ್ವವನ್ನು ಕೇರಳ ಒಪ್ಪಿಕೊಂಡಿದೆ.

ಅಮೆರಿಕದಲ್ಲಿ ನೆಲೆಸಿದ ನಮ್ಮ ಮಕ್ಕಳನ್ನು ಕೇಳಿದರೆ ಅಲ್ಲಿನ ಹಳ್ಳಿಗಾಡಿನ ಪದ್ಧತಿಯನ್ನು ಹೇಳಿಯಾರು. ಯಾವ ನಗರಸಭೆಗೂ ಸೇರದ ಪ್ರದೇಶದಲ್ಲಿ ಮನೆ ಕಟ್ಟುವವರು ಹಲವು ರಾಜ್ಯಗಳಲ್ಲಿ ಕೌಂಟಿಯ ಅನುಮತಿ ಪಡೆಯುತ್ತಾರೆ. ಪಾಯ ತೋಡಿದಾಗ, ಚೌಕಟ್ಟು ನಿಂತಾಗ, ಕೆಲಸ ಮುಗಿದಾಗ ಕೌಂಟಿಯ ತಪಾಸಕ ಬಂದು ನೋಡಿ ಸಹಿ ಹಾಕಬೇಕು. ಕೆಲವು ಕೌಂಟಿಗಳಲ್ಲಿ ಇದ್ಯಾವುದೂ ಇಲ್ಲ. ಅನುಕರಿಸಬೇಕಾದ್ದು ಅವರ ನಿಯಮಪುಸ್ತಕವನ್ನಲ್ಲ. ಮುಚ್ಚಿಹೋಗುವ ಮುನ್ನ ನೋಡಬೇಕು ಎಂಬ ಸರಳ ವಿವೇಕವನ್ನು.

ಏನು ಮಾಡಬಹುದು?

ನಿಯಮಗಳನ್ನು ಹೆಚ್ಚಿಸದೆ, ಇರುವ ಕಾನೂನಿನ ಚೌಕಟ್ಟಿನಲ್ಲೇ ಕೆಲವು ಕ್ರಮಗಳನ್ನು ಕೈಗೊಳ್ಳಬಹುದೆಂದು ನನ್ನ ಅಭಿಪ್ರಾಯ.

ಮೊದಲನೆಯದು, ಒಡೆತನದ ಪ್ರಶ್ನೆಯನ್ನೂ ಸುರಕ್ಷತೆಯ ಪ್ರಶ್ನೆಯನ್ನೂ ಬೇರ್ಪಡಿಸುವುದು. ತಾತನ ಹೆಸರಿನಲ್ಲಿರುವ ಮನೆಯನ್ನು ಮೊಮ್ಮಗ ಕೆಡವಿ ಕಟ್ಟುವಾಗ ಖಾತೆ ಬದಲಾಗುವವರೆಗೆ ತಳಪಾಯ ನೋಡುವುದಿಲ್ಲ ಎನ್ನುವುದರಲ್ಲಿ ಅರ್ಥವಿಲ್ಲ. ತಪಾಸಣೆಯಿಂದ ಹಕ್ಕು ಸ್ಥಾಪನೆಯಾಗುವುದಿಲ್ಲ ಎಂದು ಪತ್ರದಲ್ಲೇ ಅಚ್ಚು ಹಾಕಿದರೆ ಸಾಕು.

ಎರಡನೆಯದು, ಚಿಕ್ಕ ಮನೆಗಳಿಗೆ ಸಿದ್ಧ ನಕ್ಷೆಗಳು. ಒಂದು, ಎರಡು ಅಂತಸ್ತಿನ ಮನೆಗೆ ಪಾಯದ ಆಳ, ಕಂಬದ ಅಳತೆ, ಸರಳಿನ ದಪ್ಪ, ಶೌಚಗುಂಡಿಯ ಜಾಗ ಎಲ್ಲವನ್ನೂ ತೋರಿಸುವ ನಾಲ್ಕಾರು ನಕ್ಷೆಗಳನ್ನು ಆಯಾ ಸೀಮೆಯ ಮಣ್ಣಿಗೆ ತಕ್ಕಂತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ ಸಿದ್ಧಪಡಿಸಲಿ. ನಾಲೆ ಬಯಲಿನ ಜವುಗು ಮಣ್ಣಿಗೂ ಹೆಗ್ಗಡದೇವನಕೋಟೆಯ ಕೆಂಪು ನೆಲಕ್ಕೂ ಪಾಯ ಒಂದೇ ಆಗಲಾರದು. ಆ ನಕ್ಷೆಗಳಲ್ಲೊಂದನ್ನು ಆರಿಸಿಕೊಂಡವರಿಗೆ ಪರವಾನಗಿ ಅಂದೇ ಸಿಗಲಿ.

ಮೂರನೆಯದು, ಎರಡೇ ತಪಾಸಣೆ: ಪಾಯಕ್ಕೆ ಕಾಂಕ್ರೀಟ್ ಹಾಕುವ ಮುನ್ನ ಒಮ್ಮೆ, ಚಾವಣಿಗೆ ಹಾಕುವ ಮುನ್ನ ಒಮ್ಮೆ. ಎರಡೂ ಮುಚ್ಚಿಹೋದ ಮೇಲೆ ನೋಡಲಾಗದಂಥವು. ಉದ್ಯೋಗ ಖಾತರಿ ಯೋಜನೆಯ ಕಾಲದಲ್ಲಿ ಕಾಮಗಾರಿ ಅಳೆಯಲು ತಾಂತ್ರಿಕ ಸಹಾಯಕರ ಒಂದು ವರ್ಗವೇ ಹಳ್ಳಿಗಳಲ್ಲಿ ಬೆಳೆದುಬಂತು. ಸಿವಿಲ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಮೈಸೂರಿಗೆ ಅಲೆಯುವ ಯುವಕ, ಯುವತಿಯರೂ ಇದ್ದಾರೆ. ನಾಲ್ಕೈದು ಪಂಚಾಯಿತಿಗಳಿಗೆ ಒಬ್ಬರನ್ನು ಪಟ್ಟಿಗೆ ಸೇರಿಸಿ, ಭೇಟಿಗೆ ಇಷ್ಟೆಂದು ಗೌರವಧನ ಕೊಟ್ಟು, ನಿಗದಿತ ದಿನದೊಳಗೆ ಬಾರದಿದ್ದರೆ ಕೆಲಸ ಮುಂದುವರಿಸಲು ಮಾಲೀಕನಿಗೆ ಅವಕಾಶವಿರಲಿ. ಬಡವರ ಮನೆಗೆ ಶುಲ್ಕವಿಲ್ಲ. ಕಲ್ಯಾಣ ಮಂಟಪ, ಗಿರಣಿ, ಮೂರಂತಸ್ತಿನ ವಾಣಿಜ್ಯ ಕಟ್ಟಡದವರು ವಿಸ್ತೀರ್ಣಕ್ಕೆ ತಕ್ಕಂತೆ ಕೊಡಲಿ, ಅರ್ಹ ಎಂಜಿನಿಯರಿನ ವಿನ್ಯಾಸವನ್ನೂ ಒಪ್ಪಿಸಲಿ. ಈ ದೊಡ್ಡ ಕಟ್ಟಡಗಳ ಶುಲ್ಕದಿಂದಲೇ ಚಿಕ್ಕ ಮನೆಗಳ ತಪಾಸಣೆಯ ಖರ್ಚಿನ ಬಹುಭಾಗ ಹುಟ್ಟಬೇಕು.

ನಾಲ್ಕನೆಯದು, ಈ ಎರಡು ಭೇಟಿಗಳ ವರದಿಯನ್ನೇ ಪೂರ್ಣಗೊಂಡ ಪ್ರಮಾಣಪತ್ರವೆಂದು ವಿದ್ಯುತ್ ಕಂಪನಿ ಒಪ್ಪಿಕೊಳ್ಳಬೇಕು. ಆಗ ತಪಾಸಣೆಯನ್ನು ಜನರೇ ಕೇಳಿ ಪಡೆಯುತ್ತಾರೆ. ಜೊತೆಗೆ ಅರ್ಜಿಯ ಸ್ವೀಕೃತಿ ಪತ್ರದಲ್ಲೇ 60 ದಿನಗಳ ಕೊನೆಯ ದಿನಾಂಕವನ್ನೂ, ಆ ಬಳಿಕ ಅನುಮತಿ ದೊರೆತಂತೆ ಎಂಬ ಕಾನೂನಿನ ಮಾತನ್ನೂ ಮುದ್ರಿಸಬೇಕು. 2012ರಲ್ಲಿ ಬಂದ ಸಕಾಲದ ಆಶಯವೂ ಇದೇ ಆಗಿತ್ತಲ್ಲವೇ?

ಕೊನೆಯದಾಗಿ, ಮೇಸ್ತ್ರಿಗಳ ತರಬೇತಿ. ಹಳ್ಳಿಯ ಮನೆಗಳ ನಿಜವಾದ ವಾಸ್ತುಶಿಲ್ಪಿ ಆತನೇ. ಹೋಬಳಿ ಮಟ್ಟದಲ್ಲಿ ವರ್ಷಕ್ಕೊಮ್ಮೆ ಮೂರು ದಿನ, ಕೂಲಿ ಕೊಟ್ಟು ಕರೆಸಿ, ಕಾಂಕ್ರೀಟ್ ಕಲಸುವ, ಸರಳು ಕಟ್ಟುವ, ಶೌಚಗುಂಡಿ ಕಟ್ಟುವ ಸರಿಯಾದ ಕ್ರಮವನ್ನು ತೋರಿಸಿದರೆ, ಹತ್ತು ಸುತ್ತೋಲೆಗಳಿಂದ ಆಗದ ಕೆಲಸ ಆದೀತು.

ಹಳ್ಳಿಯ ಸಾಮಾನ್ಯ ಕುಟುಂಬವೊಂದು ಜೀವಮಾನದಲ್ಲಿ ಒಂದೇ ಬಾರಿ ಮನೆ ಕಟ್ಟುತ್ತದೆ. ಅದಕ್ಕಾಗಿ ಭತ್ತದ, ತಂಬಾಕಿನ ಹತ್ತಾರು ವರ್ಷಗಳ ದುಡಿಮೆ, ಮನೆಯೊಡತಿಯ ಒಡವೆ, ಮಗನ ಪಟ್ಟಣದ ಸಂಬಳ, ಬ್ಯಾಂಕಿನ ಸಾಲ ಎಲ್ಲವೂ ಸಿಮೆಂಟು, ಕಬ್ಬಿಣವಾಗಿ ಮಾರ್ಪಡುತ್ತವೆ. ಅಷ್ಟು ದೊಡ್ಡ ಹೂಡಿಕೆ ಗ್ರಾಮೀಣ ಕರ್ನಾಟಕದಲ್ಲಿ ಬೇರೊಂದಿಲ್ಲ. ಅದರ ಮೇಲೆ ತೆರಿಗೆ ಹಾಕಲು ಸರ್ಕಾರ ಡ್ರೋನ್ ಹಾರಿಸಿದೆ, ನಮೂನೆಗಳನ್ನು ರೂಪಿಸಿದೆ, ಕಾಯ್ದೆ ತಿದ್ದಿದೆ. ತೆರಿಗೆ ಕಟ್ಟುವವನಿಗೆ ತನ್ನ ತಲೆಯ ಮೇಲಿನ ಚಾವಣಿ ಗಟ್ಟಿಯಾಗಿದೆ ಎಂಬ ಭರವಸೆಯನ್ನೂ ಅದೇ ಶ್ರದ್ಧೆಯಿಂದ ಕೊಡಬೇಕು. ಗ್ರಾಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಗಳ ಜೊತೆಗೆ ಈ ಪ್ರಶ್ನೆಯನ್ನೂ ಎತ್ತಲು ಹಳ್ಳಿಯ ವಿದ್ಯಾವಂತರಿಗೆ ಅಡ್ಡಿಯೇನೂ ಇಲ್ಲ.